ಟೈಮ್ ಕೇಳದ ಪೆಟ್ಟಿಗೆ

ವಯಸ್ಸಾದಂತೆ ಮನುಷ್ಯನ ಸಾಮಾನು ಕಡಿಮೆಯಾಗುತ್ತ ಹೋಗಬೇಕು ಎಂದು ನಂಬಿದವನು ನಾನು. ಸುತ್ತಮುತ್ತ ನೋಡಿದರೆ ನಡೆಯುವುದೆಲ್ಲ ಇದಕ್ಕೆ ಉಲ್ಟಾ. ನನ್ನ ಓರಗೆಯವರ ಮನೆಗೆ ಹೋದರೆ ಕೂರಲು ಜಾಗ ಹುಡುಕಬೇಕು. ಕೆಟ್ಟ ಮಿಕ್ಸರು, ಮಕ್ಕಳು ತುಳಿದು ಬಿಟ್ಟ ಸೈಕಲ್ಲು, ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು, ಇವುಗಳ ನಡುವೆ ಮನೆಯ ಯಜಮಾನರೂ ಒಂದು ಹಳೆಯ ಸಾಮಾನಿನಂತೆ ಕೂತಿರುತ್ತಾರೆ. ಬೈಲಹೊಂಗಲದ ನಮ್ಮ ಮನೆ ಹಾಗಲ್ಲ. ಕತ್ತಲಲ್ಲಿ ಕೈ ಚಾಚಿದರೂ ಕನ್ನಡಕ ಸಿಗಬೇಕಾದಲ್ಲಿ ಕನ್ನಡಕ, ಕೊಡೆ ಸಿಗಬೇಕಾದಲ್ಲಿ ಕೊಡೆ. ವರ್ಷವಿಡೀ ಮುಟ್ಟದ ವಸ್ತು ಮನೆಯೊಳಗಿರಬಾರದು ಎಂಬುದು ನಿಯಮ. ಇದು ನನ್ನ ಗುಣ ಎಂದು ನಾನು ಹೇಳುತ್ತೇನೆ. ಇದು ನನ್ನ ರೋಗ ಎಂದು ನನ್ನ ಹೆಂಡತಿ ಗಂಗವ್ವ ಹೇಳುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಬೇರೆಲ್ಲ ತಕರಾರುಗಳೂ ಬಗೆಹರಿದಿವೆ, ಇದೊಂದು ಉಳಿದಿದೆ.

ಈ ಗುಣವೋ ರೋಗವೋ ನನಗೆ ಹತ್ತಿದ್ದು ಮುರಗೋಡದ ಬೋರ್ಡಿಂಗಿನಲ್ಲಿ. ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಟ್ಟು ಓದಿಸುತ್ತಿದ್ದ ಜಾಗ ಅದು. ಒಬ್ಬೊಬ್ಬರಿಗೆ ಒಂದೊಂದು ತಗಡಿನ ಟ್ರಂಕು. ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ತಾಟು, ಒಂದು ಚರಿಗೆ, ಒಂದು ಕಂಬಳಿ, ಮಿಕ್ಕಿದ್ದು ಪುಸ್ತಕ. ರವಿವಾರ ಬಂತೆಂದರೆ ನಮ್ಮ ಗುರುಗಳು ಟ್ರಂಕುಗಳನ್ನು ಸಾಲಾಗಿ ಇಡಿಸಿ, ತೆಗೆಸಿ ನೋಡುತ್ತಿದ್ದರು. ಮನೆಯಿಂದ ಬಂದ ಹೆಚ್ಚಿನ ಅಂಗಿ, ಹೆಚ್ಚಿನ ಉಂಡೆ, ಸುಮ್ಮನೆ ಕೂಡಿಟ್ಟ ಗೋಲಿ, ಎಲ್ಲವೂ ಹೊರಗೆ. "ಹಗುರ ಇದ್ದಷ್ಟೂ ಲಗೂ ಏಳ್ತೀರಿ" ಎನ್ನುವುದು ಅವರ ಸಿದ್ಧಾಂತ. ಲಗೂ ಏಳುವುದು ಎಂದರೆ ಬೆಳಗಿನ ಐದೂವರೆ. ಆಗ ಗಂಟೆ ಬಾರಿಸುತ್ತಿದ್ದರು. ಗಂಟೆಯಾದ ಮೇಲೆ ಐದು ನಿಮಿಷ ಸವಲತ್ತು. ಅದು ಮುಗಿದ ಮೇಲೂ ಮಲಗಿದವನ ಬೆನ್ನಿನ ಮೇಲೆ ಹೌದು ಎನ್ನುವ ಕಲ್ಲುತೊಟ್ಟಿಯ ತಣ್ಣೀರು ಬೀಳುತ್ತಿತ್ತು. ಚಳಿಗಾಲದ ಆ ನೀರು, ಹಸಿ ವಿಭೂತಿಯ ವಾಸನೆ, ಅರೆನಿದ್ದೆಯಲ್ಲಿ ಸಾಲಾಗಿ ಕುಳಿತು ಹೇಳುತ್ತಿದ್ದ ಪ್ರಾರ್ಥನೆ, ಆಮೇಲೆ ಬರುತ್ತಿದ್ದ ಬಿಸಿ ನುಚ್ಚು. ಆಗ ಅಳು ಬರುತ್ತಿತ್ತು. ಈಗ ಅದನ್ನು ನೆನೆದರೆ ಬೇರೆ ಕಾರಣಕ್ಕೆ ಕಣ್ಣು ಒದ್ದೆಯಾಗುತ್ತದೆ.

ಮುಂದೆ ನನಗೆ ಸಿಕ್ಕ ಕೆಲಸವೂ ಗಂಟೆಯದೇ. ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆದೆ. ಯಾವ ಬಸ್ ಬಂತು, ಯಾವುದು ಹೊರಟಿತು ಎಂದು ಬರೆದುಕೊಂಡು, ಮೈಕಿನಲ್ಲಿ ಸಾರುವವನು ಕಂಟ್ರೋಲರ್. ನನ್ನ ಪುಟ್ಟ ಕಿಟಕಿಯಿಂದ ಕಂಡ ಆ ಸ್ಟ್ಯಾಂಡು ಈಗಿನದಲ್ಲ. ಮುಂಜಾನೆ ಕಿತ್ತೂರಿನ ಬಸ್ಸು ಬಂತೆಂದರೆ ಅದರ ಬಾಗಿಲಿನ ತುಂಬ ಕಾಲೇಜು ಹುಡುಗರು ಜೋತಾಡುತ್ತಿದ್ದರು. ಸವದತ್ತಿ ಬಸ್ಸಿನಿಂದ ಇಳಿದವರ ಹಣೆಯ ಮೇಲಿನ ದೇವಿಯ ಅರಿಸಿನದ ಭಂಡಾರ ಸೀಟಿಗೂ ಹತ್ತಿ, ಆಮೇಲೆ ಕೂತವರ ಬಿಳಿ ಅಂಗಿಗೂ ಹತ್ತುತ್ತಿತ್ತು. ರಾಮದುರ್ಗದ ಬಸ್ಸಿನ ನೆತ್ತಿಯ ಮೇಲೆ ನೇಕಾರರ ಸೀರೆ ಗಂಟುಗಳು. ಡೀಸೆಲ್ ವಾಸನೆಯ ನಡುವೆ ಗಿರ್ಮಿಟ್ ಮಾರುವವನ ಈರುಳ್ಳಿಯ ವಾಸನೆ. ನಾನು ಮೈಕು ಹಿಡಿದು "ಪ್ರಯಾಣಿಕರ ಗಮನಕ್ಕೆ" ಎಂದರೆ ಇಡೀ ಸ್ಟ್ಯಾಂಡು ಕತ್ತು ಎತ್ತುತ್ತಿತ್ತು. ಆ ಗೌರವ ನನಗೆ ಮನೆಯಲ್ಲಿ ಎಂದೂ ಸಿಕ್ಕಿಲ್ಲ. ಎಲ್ಲರೂ ನನ್ನ ಕಿಟಕಿಗೆ ಬಂದು ಟೈಮ್ ಕೇಳುತ್ತಿದ್ದರು. ನಾನು ಯಾರನ್ನೂ ಕೇಳುತ್ತಿರಲಿಲ್ಲ. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವವನು ನಾನೇ, ಅದು ತಪ್ಪಿದರೆ ತಿದ್ದುವವನೂ ನಾನೇ. ಕಂಟ್ರೋಲರ್ ಇನ್ನೊಬ್ಬರನ್ನು ಟೈಮ್ ಕೇಳುವುದು, ಅಡಿಗೆಯವನು ಊಟಕ್ಕೆ ಪಕ್ಕದ ಮನೆಗೆ ಹೋದಂತೆ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ನಿವೃತ್ತಿಯಾಯಿತು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ದನಿ ಮಾತ್ರ ನಿವೃತ್ತಿಯಾಗಲಿಲ್ಲ. ಊಟಕ್ಕೆ ಕೂತಾಗ "ಉಪ್ಪು" ಎಂದರೆ ಪಕ್ಕದ ಮನೆಯವರು ಉಪ್ಪು ತರುವಷ್ಟು ಜೋರು. "ಮನ್ಯಾಗ ಇರೂದು ಎರಡ ಮಂದಿ. ಇಷ್ಟ ದೊಡ್ಡದಾಗಿ ಯಾಕ ಒದರತೀರಿ?" ಎಂದು ಗಂಗವ್ವ ಕೇಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಮಗಳು ಸುನಂದಾ ದಸರೆ ರಜೆಗೆ ಬಂದಳು. ಅವಳು ಬೆಳಗಾವಿಯಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಚೀಲದಿಂದ ಒಂದು ಹಸಿರು ಹಲಗೆ ತೆಗೆದು ಟೇಬಲ್ ಮೇಲೆ ಇಟ್ಟಳು. ಇಸ್ಪೀಟ್ ಎಲೆಯಷ್ಟು ಅಗಲ. "ಅಪ್ಪಾ, ಇದು ಪೂರಾ ಕಂಪ್ಯೂಟರ್ ಐತ್ರಿ" ಎಂದಳು. ಉಳಿದ ಭಾಗ ಚೀಲದಲ್ಲೇ ಉಳಿದಿರಬೇಕೆಂದು ನಾನು ಚೀಲ ನೋಡಿದೆ. ಇಲ್ಲ, ಅಷ್ಟೇ. ಒಂದೇ ಹಲಗೆಯಲ್ಲಿ ಎಲ್ಲ. ಮೊಬೈಲಿನ ಚಾರ್ಜರಿನಿಂದ ಕರೆಂಟು, ಟಿವಿಯೇ ಅದರ ಪರದೆ, ಉಗುರಿನಷ್ಟು ಮೆಮರಿ ಕಾರ್ಡಿನಲ್ಲಿ ಅದರ ಬುದ್ಧಿ. ನನ್ನ ಟ್ರಂಕು ನೆನಪಾಯಿತು. ಇಷ್ಟು ಅಚ್ಚುಕಟ್ಟಾದ ವಸ್ತುವನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಮೊದಲು ಅವಳು ಅದರಲ್ಲಿ ದೊಡ್ಡ ಲಿನಕ್ಸ್ ಒಂದನ್ನು ಹಾಕಿದಳು. ಕಂಪ್ಯೂಟರಿನ ಒಳಗೆ ಮನೆವಾರ್ತೆ ನೋಡಿಕೊಳ್ಳುವ ಯಜಮಾನನಿದ್ದಂತೆ ಇದು, ಯಾವ ಕೆಲಸಕ್ಕೆ ಎಷ್ಟು ಜಾಗ, ಯಾರು ಮೊದಲು, ಯಾರು ಆಮೇಲೆ ಎಲ್ಲ ಇದೇ ಹೇಳುತ್ತದೆ ಎಂದು ವಿವರಿಸಿದಳು. ಆದರೆ ಆ ಯಜಮಾನ ಮದುವೆಗೆ ಬಂದ ದೂರದ ಬೀಗರಂತೆ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ. ಪರದೆಯ ಮೇಲೆ ಗುಡ್ಡದ ಚಿತ್ರ, ಮೂಲೆಯಲ್ಲಿ ಹವಾಮಾನ, ಯಾರೂ ಆಡದ ಆಟಗಳು. ಅದು ತೆರೆದುಕೊಳ್ಳುವಷ್ಟರಲ್ಲಿ ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಹಲಗೆ ಸುಡತೊಡಗಿತು. ಗಂಗವ್ವ ಮುಟ್ಟಿ ನೋಡಿ, "ಇದರ ಮ್ಯಾಲೆ ಹಪ್ಪಳ ಸುಡಬಹುದು" ಎಂದಳು. ಆಗ ಸುನಂದಾ, "ಇದಕ್ಕ ಹಗುರ ಲಿನಕ್ಸ್ ಇರತಾವ್ರಿ, ಅದನ್ನ ಹಾಕೂಣು" ಎಂದು ಕಾರ್ಡನ್ನು ಅಳಿಸಿ ಇನ್ನೊಂದನ್ನು ಬರೆದಳು. ಅದಕ್ಕೆ ಚಿತ್ರವಿಲ್ಲ, ಬಾಣವಿಲ್ಲ, ಮೌಸ್ ಎಂಬ ಇಲಿಯ ಹಂಗಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ನನ್ನ ಸ್ಟ್ಯಾಂಡಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಸ್ಸಿನ ವೇಳೆ ಬರೆದಂತೆ. ನಾವು ಒಂದು ಸಾಲು ಬರೆದರೆ ಅದು ಒಂದು ಸಾಲಿನ ಉತ್ತರ ಕೊಡುತ್ತದೆ, ಹೆಚ್ಚಿನ ಮಾತಿಲ್ಲ. ಈ ಪ್ರಾಯದಲ್ಲಿ ಪ್ರೀತಿ ಎಂಬ ಮಾತು ಬಳಸಬಾರದು, ಆದರೆ ಬೇರೆ ಮಾತು ಗೊತ್ತಿಲ್ಲ.

ಮಗಳು ನನ್ನ ದನಿಯನ್ನು ಮೊಬೈಲಿನಲ್ಲಿ ಹಿಡಿದು, ಹಲಗೆಗೆ ಒಂದು ಪುಟ್ಟ ಸ್ಪೀಕರ್ ಜೋಡಿಸಿ, ಯಾವ ಹೊತ್ತಿಗೆ ಯಾವ ಘೋಷಣೆ ಎಂಬ ವೇಳಾಪಟ್ಟಿಯನ್ನು ಪೆಟ್ಟಿಗೆಗೆ ಕಲಿಸಿಕೊಟ್ಟಳು. ಹಲಗೆಗೆ ನಾನೇ ಒಂದು ಊದುಬತ್ತಿಯ ಡಬ್ಬಿಯಿಂದ ಮನೆ ಮಾಡಿದ್ದೆ, ಹಾಗಾಗಿ ಅದು ಪೆಟ್ಟಿಗೆ. "ಮನೆಯವರ ಗಮನಕ್ಕೆ. ಏಳುವ ವೇಳೆ ಆಗಿದೆ." ಇದು ಐದೂವರೆ ಕಳೆದು ಐದು ನಿಮಿಷಕ್ಕೆ, ಬೋರ್ಡಿಂಗಿನ ಸವಲತ್ತು ಸೇರಿಸಿ. "ಮನೆಯವರ ಗಮನಕ್ಕೆ. ಚಹಾದ ವೇಳೆ ಆಗಿದೆ." ಇದು ಎರಡು ಹೊತ್ತು. ಊಟ, ವಿಶ್ರಾಂತಿ, ವಾಯುವಿಹಾರ, ಗುಳಿಗೆ, ಒಂದೂ ತಪ್ಪುವಂತಿಲ್ಲ. ಒಂದು ಸ್ಟ್ಯಾಂಡಿಗೆ ಒಂದೇ ಗಡಿಯಾರವಿರಬೇಕು, ಎರಡಿದ್ದರೆ ಜಗಳ ಎಂಬ ನಿಯಮದಂತೆ ಮನೆಯ ಉಳಿದ ಗಡಿಯಾರಗಳ ಸೆಲ್ ತೆಗೆದಿಟ್ಟೆ. ಗಂಗವ್ವ ಮೊದಲ ದಿನ ಚಹಾದ ಘೋಷಣೆ ಪೂರ್ತಿ ಕೇಳಿಸಿಕೊಂಡಳು. "ಮನಿಯವ್ರ ಗಮನಕ್ಕ ಅಂದ್ರ ಯಾರ ಗಮನಕ್ರೀ? ಚಾ ಮಾಡಾಕಿ ನಾ, ಕುಡಿಯಾವ್ರು ನೀವು. ನನಗ ಹೇಳೂದಿದ್ರ ಹೆಸರ ಹಿಡದ ಹೇಳ್ರಿ" ಎಂದಳು. ಪೆಟ್ಟಿಗೆ ಯಾರಿಗೂ ಸದರ ಕೊಡದೆ ಕೆಲಸ ಮಾಡುತ್ತಿತ್ತು ಎನ್ನುವುದಕ್ಕೆ ನನ್ನದೇ ಉದಾಹರಣೆ ಇದೆ. ಒಮ್ಮೆ ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಒಳಗಿನಿಂದ ನನ್ನದೇ ದನಿ ನನ್ನನ್ನು ಊಟಕ್ಕೆ ಕರೆಯಿತು. ಕೈ ತೊಳೆದುಕೊಂಡು ಬಂದು ಮಣೆಯ ಮೇಲೆ ಕೂತೆ. ಅಡಿಗೆ ಇನ್ನೂ ಆಗಿರಲಿಲ್ಲ. "ಕರದವ್ರನ್ನ ಕೇಳ್ರಿ" ಎಂದು ಗಂಗವ್ವ ಒಲೆಯ ಕಡೆ ತಿರುಗಿದಳು.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹಗುರದ ರುಚಿ ಒಮ್ಮೆ ಹತ್ತಿದರೆ ಇನ್ನೂ ಹಗುರ ಬೇಕೆನಿಸುತ್ತದೆ. ಪೆಟ್ಟಿಗೆಯ ಒಳಗೆ ಪ್ರೋಗ್ರಾಂ ಎಂಬ ಆಳುಗಳು ಯಾರು ಯಾರು ಕೆಲಸ ಮಾಡುತ್ತಿದ್ದಾರೆ ಎಂದು ಪಟ್ಟಿ ತೆಗೆದು ನೋಡುವುದನ್ನು ಕಲಿತೆ. ರವಿವಾರದ ಟ್ರಂಕು ತಪಾಸಣೆಯೇ ಸರಿ. ಪ್ರಿಂಟರನ್ನು ಕಾಯುವ ಒಬ್ಬನಿದ್ದ. ನಮ್ಮಲ್ಲಿ ಪ್ರಿಂಟರೇ ಇಲ್ಲ. ತೆಗೆದೆ. ತಂತಿಯಿಲ್ಲದ ಕೀಲಿಮಣೆ ಬಂದೀತೆಂದು ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬನಿದ್ದ. ಅವನೂ ಹೋದ. ಪ್ರತಿ ಸಂಜೆ ಬೆಳಗಾವಿಗೆ ಫೋನು ಮಾಡಿ ಇವತ್ತು ಇಂಥವನನ್ನು ತೆಗೆದೆ ಎಂದು ವರದಿ ಒಪ್ಪಿಸುತ್ತಿದ್ದೆ. "ಸಾಕ್ರೀ ಅಪ್ಪಾ. ಇನ್ನ ತಗದ್ರ ಬರೇ ಹಲಗಿ ಉಳಿತೈತಿ" ಎಂದು ಮಗಳು ನಗುತ್ತಿದ್ದಳು. ಆಮೇಲೆ ನಾನೇ ಹುಡುಕಿ, ಅದಕ್ಕಿಂತ ಹಗುರವಾದ ಇನ್ನೊಂದು ಲಿನಕ್ಸ್ ಹಾಕಿದೆ. ಒಂದು ಸೀನು ಮುಗಿಯುವುದರಲ್ಲಿ ಎದ್ದು ಕೂರುತ್ತಿತ್ತು. ಆ ಪಟ್ಟಿಯಲ್ಲೂ ಒಬ್ಬ ನನ್ನ ಕಣ್ಣಿಗೆ ಬಿದ್ದ. ಅವನ ಕೆಲಸವೇನೆಂದು ಓದಿ ನೋಡಿದೆ. ಆಗಾಗ ಎದ್ದು, ಇಂಟರ್ನೆಟ್ಟಿನ ಮೂಲಕ ಎಲ್ಲೋ ದೂರದ ಯಂತ್ರವನ್ನು ಟೈಮ್ ಎಷ್ಟು ಎಂದು ಕೇಳಿ ಬರುವುದು. ಅಷ್ಟೇ.

ಓದುಗರೇ, ನನ್ನ ಜಾಗದಲ್ಲಿ ನೀವಿದ್ದರೂ ಮೈ ಉರಿಯುತ್ತಿತ್ತು. ಕಂಟ್ರೋಲರನ ಪೆಟ್ಟಿಗೆ ಯಾರದೋ ಕಿಟಕಿಗೆ ಹೋಗಿ ಟೈಮ್ ಕೇಳುವುದೇ. ಆ ಕ್ಷಣವೇ ಅವನನ್ನು ಮನೆಗೆ ಕಳಿಸಿದೆ. ಕಳಿಸಿದ ಮೇಲೂ ಪೆಟ್ಟಿಗೆ ಟೈಮ್ ಸರಿಯಾಗಿಯೇ ತೋರಿಸುತ್ತಿತ್ತು. ನೋಡಿ, ಬೇಡದವನೇ ಆಗಿದ್ದ ಎಂದು ಸಮಾಧಾನದಿಂದ ಮಲಗಿದೆ. ಇಲ್ಲಿ ನನಗೆ ಗೊತ್ತಿಲ್ಲದ, ಆಮೇಲೆ ಸುನಂದಾ ಹೇಳಿದ ಒಂದು ಸಂಗತಿಯಿದೆ. ಈ ಹಲಗೆಯ ಮೇಲೆ ಗಡಿಯಾರದ ಸೆಲ್ ಇರುವುದಿಲ್ಲ. ಕರೆಂಟು ಇರುವ ತನಕ ಅದು ಹೊತ್ತು ಎಣಿಸುತ್ತದೆ, ಕರೆಂಟು ಹೋದರೆ ಮರೆತುಬಿಡುತ್ತದೆ. ಮತ್ತೆ ಎದ್ದಾಗ ಯಾರಾದರೂ ಟೈಮ್ ಹೇಳದಿದ್ದರೆ, ಕಂಪ್ಯೂಟರಿನವರು ಕಾಲವನ್ನು ಎಣಿಸಲು ಆರಂಭಿಸಿದ ಮೊದಲ ದಿನವೇ ಇವತ್ತು ಎಂದುಕೊಳ್ಳುತ್ತದೆ. ಆ ದಿನ ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿ ಜನವರಿ ಒಂದು. ನಮ್ಮ ದೇಶದ ಲೆಕ್ಕಕ್ಕೆ ಬೆಳಗಿನ ಐದೂವರೆ. ಆ ವರ್ಷ, ಆ ಹೊತ್ತಿಗೆ ನಾನು ಮುರಗೋಡದ ಬೋರ್ಡಿಂಗಿನಲ್ಲಿ ಕಂಬಳಿಯೊಳಗೆ ಗಂಟೆಯ ಸದ್ದು ಕೇಳಿಸದವನಂತೆ ಮಲಗಿದ್ದೆ. ಇಷ್ಟು ದೊಡ್ಡ ಜಗತ್ತಿನಲ್ಲಿ ಪೆಟ್ಟಿಗೆಗೆ ಹಿಂತಿರುಗಲು ಬೇರೆ ಹೊತ್ತು ಸಿಗಲಿಲ್ಲ.

ಮರುದಿನ ಗಂಗವ್ವನ ತವರೂರು ಸುರೇಬಾನದಲ್ಲಿ ಕುಬಸ, ಎಂದರೆ ಸೀಮಂತ. ಗಂಗವ್ವನ ಅಣ್ಣನ ಮಗಳು ರೇಣುಕಾಳದು. ಹೈಸ್ಕೂಲಿನಿಂದ ಕಾಲೇಜು ಮುಗಿಯುವ ತನಕ ರೇಣುಕಾ ನಮ್ಮ ಮನೆಯಲ್ಲೇ ಇದ್ದು ಓದಿದವಳು. ಹೆಸರಿಗೆ ಸೋದರತ್ತೆ, ಜಡೆ ಹಾಕಿದ್ದು, ಜ್ವರ ಬಂದಾಗ ತಲೆಗೆ ಬಟ್ಟೆ ಕಟ್ಟಿದ್ದು ಎಲ್ಲ ಗಂಗವ್ವನೇ. ಅವರ ಮನೆತನದ ಪದ್ಧತಿಯಂತೆ ಬಸುರಿಗೆ ಮೊದಲ ಉಡಿ ತುಂಬಬೇಕಾದವಳು ಸೋದರತ್ತೆ, ಅದೂ ಮಧ್ಯಾಹ್ನ ಹನ್ನೆರಡರೊಳಗೆ. ಗಂಗವ್ವ ವಾರದಿಂದ ಬುತ್ತಿಯ ತಯಾರಿಯಲ್ಲಿದ್ದಳು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಎಣಗಾಯಿ, ಗಟ್ಟಿ ಮೊಸರಿನ ಬುತ್ತಿ, ಜೊತೆಗೆ ಹಸಿರು ಸೀರೆ, ಹಸಿರು ಬಳೆ. ಬೈಲಹೊಂಗಲದಿಂದ ಸುರೇಬಾನಕ್ಕೆ ಬಸ್ ಬದಲಿಸದೆ ಮುಟ್ಟಿಸುವ ಗಾಡಿ ಒಂದೇ, ಬೆಳಗಿನ ಏಳರದು. ಅದು ತಪ್ಪಿದರೆ ಸವದತ್ತಿಯಲ್ಲಿ ಒಮ್ಮೆ, ರಾಮದುರ್ಗದಲ್ಲಿ ಇನ್ನೊಮ್ಮೆ ಇಳಿದು ಹತ್ತಬೇಕು. "ಅದರ ಚಿಂತಿ ನಿನಗ ಬ್ಯಾಡ" ಎಂದಿದ್ದೆ. ಬಸ್ಸಿನ ಚಿಂತೆ ಮಾಡಲು ಆ ಮನೆಯಲ್ಲಿ ನಾನಿರಲಿಲ್ಲವೇ.

ರಾತ್ರಿ ಯಾವಾಗಲೋ ಕರೆಂಟು ಹೋಗಿದೆ, ಬೆಳಗಿನ ಜಾವ ಯಾವಾಗಲೋ ಬಂದಿದೆ. ನಾವಿಬ್ಬರೂ ಕಂಡಿಲ್ಲ. ನನ್ನ ದನಿ ನನ್ನನ್ನು ಎಬ್ಬಿಸಿತು. ಏಳುವ ವೇಳೆ ಆಗಿದೆ. ಚಳಿಗಾಲ, ಹೊರಗೆ ಕತ್ತಲು. ಅಡಿಗೆಮನೆಯಲ್ಲಿ ಗಂಗವ್ವ ಆಗಲೇ ಎದ್ದು ರೊಟ್ಟಿ ತಟ್ಟುತ್ತಿದ್ದಳು.

"ಏನ್ರೀ, ಇವತ್ತ ನಿಮ್ಮ ಪೆಟಗಿ ತಡಾ ಮಾಡಿ ಎದ್ದೈತಿ" ಎಂದಳು.

"ಪೆಟಗಿ ತಡಾ ಮಾಡೂದಿಲ್ಲ. ನೀನ ಲಗೂ ಎದ್ದೀದಿ."

"ನನ್ನ ಫೋನಿನ್ಯಾಗ ಆರು ದಾಟೈತಿ."

"ಫೋನಿಗೆ ಸ್ವಂತ ಬುದ್ಧಿ ಎಲ್ಲೈತಿ? ಟವರ್ ಹೇಳಿದ್ದನ್ನ ಅದು ಹೇಳತೈತಿ."

"ಮತ್ತ ಪೆಟಗಿಗೆ?"

"ಪೆಟಗಿಗೆ ನಾ ಹೇಳೇನಿ."

ಅವಳು ಅರ್ಧ ತಟ್ಟಿದ ರೊಟ್ಟಿಯನ್ನು ಪೂರ್ತಿ ತಟ್ಟಿ ಹಂಚಿಗೆ ಹಾಕಿದಳು. "ಹಂಗಾರ ಆತು ಬಿಡ್ರಿ" ಎಂದಳು. ಈ ಮಾತು ಅವಳ ಬಾಯಿಂದ ಬಂದಾಗಲೆಲ್ಲ ಮುಂದೆ ನನಗೆ ಏನೋ ಕಾದಿರುತ್ತದೆ ಎಂದು ಇಷ್ಟು ವರ್ಷದಲ್ಲಿ ಕಲಿಯಬೇಕಿತ್ತು. ನಾನು ಹಲ್ಲುಜ್ಜಲು ಹೋದೆ. ಅವಳು ಹಿತ್ತಲಲ್ಲಿ ನಿಂತು ಫೋನಿನಲ್ಲಿ ಯಾರೊಡನೆಯೋ ಮೆಲ್ಲಗೆ ಮಾತಾಡಿದ್ದು ಕೇಳಿಸಿತು. ಸುರೇಬಾನದವರಿರಬೇಕು ಎಂದುಕೊಂಡೆ.

ಆ ಬೆಳಗ್ಗೆ ಇಡೀ ಜಗತ್ತು ನನಗಿಂತ ಶಿಸ್ತಿನಿಂದ ನಡೆಯುತ್ತಿತ್ತು. ನಾನು ಸ್ನಾನ ಮಾಡಿ ಬರುವುದರಲ್ಲಿ ಹಾಲಿನವಳು ಬಂದುಬಿಟ್ಟಿದ್ದಳು. "ಇವತ್ತ ಭಾಳ ಲಗೂ ಬಂದೀಯವಾ, ಹಿಂಗ ಇರಬೇಕು" ಎಂದು ಹೊಗಳಿದೆ. ಅವಳು ಗಂಗವ್ವನ ಮುಖ ನೋಡಿದಳು. ಪೂಜೆಗೆ ಕೂರುವಷ್ಟರಲ್ಲಿ ಎದುರು ಮನೆಯ ಮಾಳಿಗೆಯ ಮೇಲೆ ಬಿಸಿಲು ಬಿತ್ತು. ಇವತ್ತು ಸೂರ್ಯನೂ ಅವಸರದಲ್ಲಿದ್ದಾನೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ತಪ್ಪು ಸೂರ್ಯನದಲ್ಲದೆ ಬೇರೆ ಯಾರದಾದರೂ ಇರಬಹುದು ಎಂದು ಹೊಳೆಯಲಿಲ್ಲ. ಪೆಟ್ಟಿಗೆ ಚಹಾದ ವೇಳೆ ಸಾರಿತು. ನಿಧಾನವಾಗಿ ಚಹಾ ಕುಡಿದೆ. ಗಂಗವ್ವ ಸೀರೆ ಉಟ್ಟು, ಬುತ್ತಿಯ ಬುಟ್ಟಿಗಳಿಗೆ ಬಿಳಿ ಅರಿವೆ ಕಟ್ಟಿ, ಬಾಗಿಲಲ್ಲಿ ನಿಂತಿದ್ದಳು. ಅವಸರ ಮಾಡಬೇಡ, ಬಹಳ ಟೈಮ್ ಇದೆ ಎಂದು ನಾನೇ ಅವಳಿಗೆ ಧೈರ್ಯ ಹೇಳಿದೆ.

ಬಸ್‌ಸ್ಟ್ಯಾಂಡಿನಲ್ಲಿ ರಾಮದುರ್ಗದ ಪ್ಲ್ಯಾಟ್‌ಫಾರ್ಮ್ ಖಾಲಿಯಿತ್ತು. ನನ್ನ ಹಳೆಯ ಕಿಟಕಿಯಲ್ಲಿ ಈಗ ಮಂಜುನಾಥ ಕೂರುತ್ತಾನೆ. ನನ್ನ ಕೈಕೆಳಗೆ ಕೆಲಸ ಕಲಿತವನು. ನನ್ನನ್ನು ಕಂಡು ಎದ್ದು ನಿಂತ.

"ಸುರೇಬಾನ ಗಾಡಿ ಇನ್ನೂ ಹಚ್ಚಿಲ್ಲೇನೊ?" ಎಂದೆ.

"ಸರ್, ಹೋಗಿ ಭಾಳ ಹೊತ್ತಾತ್ರಿ."

"ಹೆಂಗ ಹೋತು? ಟೈಮ್ ಎಲ್ಲಾಗೈತಿ? ನಿಮ್ಮ ಗಡಿಯಾರ ಮುಂದ ಐತಿ, ನೋಡು."

ಅವನು ಗೋಡೆ ಗಡಿಯಾರ ನೋಡಿದ, ತನ್ನ ಮೊಬೈಲು ನೋಡಿದ, ಟೇಬಲ್ ಮೇಲಿನ ಟಿಕೆಟ್ ಮಷಿನ್ನು ನೋಡಿದ, ಕಡೆಗೆ ಸಂಕೋಚದಿಂದ ನನ್ನನ್ನು ನೋಡಿದ. ಮೂರೂ ಒಂದೇ ಮಾತು ಹೇಳುತ್ತಿದ್ದವು. "ಯಾರೋ ಒಬ್ಬರು ಅಜ್ಜಾರು ಓಡಿ ಬರಾಕತ್ತಾರ, ನಿಲ್ಲಸ್ರಿ ಅಂತ ಡ್ರೈವರ್ ಕೇಳಿದ್ರಿ. ನಾ ನಿಲ್ಲಸಲಿಲ್ಲ. ಯಾರ ಬಂದ್ರೂ ಒಂದ ನಿಮಿಷ ನಿಲ್ಲಸಬ್ಯಾಡ ಅಂತ ನೀವ ಕಲಿಸೀರಲ್ರಿ" ಎಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಗುರುವಾದವನು ಏನು ಮಾಡಬೇಕು. "ಶಾಬಾಸ್" ಎಂದೆ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ ತಪ್ಪಿಸಿಕೊಂಡವರನ್ನು ನಾನು ಯಾವತ್ತೂ ಕಿಟಕಿಯ ಒಳಗಿನಿಂದ ನೋಡಿದವನು. ಅವರು ಓಡಿ ಬರುತ್ತಿದ್ದರು, ನಿಲ್ಲುತ್ತಿದ್ದರು, ಖಾಲಿ ಜಾಗವನ್ನು ನೋಡುತ್ತಿದ್ದರು, ಆಮೇಲೆ ನನ್ನ ಕಿಟಕಿಯನ್ನು ನೋಡುತ್ತಿದ್ದರು. ನಾನು ಮುಂದಿನ ಬಸ್ಸಿನ ವೇಳೆ ಹೇಳಿ ತಲೆ ತಗ್ಗಿಸುತ್ತಿದ್ದೆ. ಕಲ್ಲಿನ ಬೆಂಚಿನ ಮೇಲೆ ಕೂತರೆ 'ಮುಂದಿನ ಬಸ್' ಎಂಬುದು ಎಷ್ಟು ದೂರದ ಮಾತು ಎಂದು ಅವತ್ತು ಕಂಡಿತು. ಸವದತ್ತಿ ಬಸ್ಸು ಯಾವಾಗ, ಅಲ್ಲಿಂದ ರಾಮದುರ್ಗಕ್ಕೆ ಯಾವಾಗ, ಅಲ್ಲಿಂದ ಸುರೇಬಾನಕ್ಕೆ ಯಾವಾಗ ಎಂದು ತಲೆಯೊಳಗಿನ ವೇಳಾಪಟ್ಟಿಯನ್ನು ಹೇಗೆ ತಿರುವಿ ನೋಡಿದರೂ ಹನ್ನೆರಡು ದಾಟಿಯೇ ದಾಟುತ್ತಿತ್ತು. ಗಂಗವ್ವನ ಫೋನು ಬಡಿಯಿತು. ರೇಣುಕಾ. "ಅತ್ತೀ, ಗಾಡಿ ಹತ್ತೀರಿಲ್ಲೊ? ಇಲ್ಲಿ ಎಲ್ಲಾರೂ ಕೇಳಾಕತ್ತಾರ" ಎನ್ನುವುದು ನನಗೂ ಕೇಳಿಸಿತು. "ಬರಾಕತ್ತೇನಿ ಪುಟ್ಟಾ. ನೀ ಸೀರಿ ಉಟ್ಕೊ" ಎಂದು ಗಂಗವ್ವ ಫೋನಿಟ್ಟಳು. ಬುಟ್ಟಿಯ ಅರಿವೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಎದ್ದು, "ನಡೀರಿ, ಗೇಟಿನ ಕಡೆ ಹೋಗೂಣು" ಎಂದಳು.

ಗೇಟಿನ ಹೊರಗೆ ನಿಲ್ಲುವುದು ಖಾಸಗಿ ಟೆಂಪೊಗಳು. ನನ್ನ ಸರ್ವಿಸಿನ ಉದ್ದಕ್ಕೂ ನನ್ನ ವೈರಿಗಳು. ವೇಳೆಯಿಲ್ಲ, ನಿಯಮವಿಲ್ಲ, ತುಂಬಿದಾಗ ಹೊರಡುತ್ತವೆ, ಕೈ ಮಾಡಿದಲ್ಲಿ ನಿಲ್ಲುತ್ತವೆ, ನಮ್ಮ ಬಸ್ಸಿನ ಪ್ರಯಾಣಿಕರನ್ನು ಬಾಗಿಲಿನಿಂದಲೇ ಎತ್ತಿಕೊಂಡು ಹೋಗುತ್ತವೆ. ದಿನಕ್ಕೊಂದು ಸಲವಾದರೂ ನಾನು ಸೀಟಿ ಊದುತ್ತ ಹೋಗಿ ಅವುಗಳನ್ನು ಓಡಿಸುತ್ತಿದ್ದೆ. ಅವರಲ್ಲಿ ನನ್ನಿಂದ ಹೆಚ್ಚು ಬೈಸಿಕೊಂಡವನು ಮೌಲಾಸಾಬ. ಅವನ ಗಡ್ಡ ಈಗ ಬೆಳ್ಳಗಾಗಿದೆ, ಗಾಡಿ ಮಾತ್ರ ಹೊಸದು. ಅದು ಬಾಗಿಲು ತೆರೆದುಕೊಂಡು ನಿಂತಿತ್ತು.

"ಬರ್ರಿ ಅಕ್ಕಾರ" ಎಂದ. "ನಿಮ್ಮ ಸೀಟ್ ಹಿಡದ ಇಟ್ಟೇನಿ. ಬುಟ್ಟಿ ಇಲ್ಲೆ ಕೊಡ್ರಿ, ಮ್ಯಾಲೆ ಬ್ಯಾಡ, ಬಿಸಲಿಗೆ ಮಸರು ಹುಳಿ ಆಗತೈತಿ." ನನ್ನ ಕಡೆ ನೋಡಿ, "ಸಾಹೇಬರ, ನೀವೂ ಬರಾವ್ರೇನು? ಮುಂದ ಕುಂದರ್ರಿ. ಗೇಟ್ ದಾಟೂತನಾ ಮಾರಿ ಆ ಕಡೆ ಮಾಡ್ರಿ, ಯಾರರ ನೋಡ್ಯಾರು" ಎಂದ.

ಹತ್ತಿ ಕೂತೆ. ಮಾರಿಯನ್ನೂ ಆ ಕಡೆ ಮಾಡಿದೆ. ಗಾಡಿ ಊರು ದಾಟಿದ ಮೇಲೆ ನನ್ನ ತಲೆಗೆ ಹೊಕ್ಕಿತು. "ನಿಮ್ಮ ಸೀಟ್ ಅಂದ್ರ ಯಾವ ಸೀಟ್, ಮೌಲಾಸಾಬ?"

ಅವನು ಕನ್ನಡಿಯಲ್ಲಿ ಗಂಗವ್ವನನ್ನು ನೋಡಿದ. ಅವಳು ಕಿಟಕಿಯ ಹೊರಗಿನ ಜೋಳದ ಹೊಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. "ಕಿಟಕಿ ಬಾಜೂದು, ಅದ ಅಕ್ಕಾರ್ದು" ಎಂದ. "ಅಕ್ಕಾರು ತವರಮನಿಗೆ ಹೋಗೂದು ನಮ್ಮ ಗಾಡ್ಯಾಗರೀ, ರೇಣವ್ವ ಸಣ್ಣಾಕಿ ಇದ್ದಾಗಿಂದ. ನಿಮಗ ಗೊತ್ತಿಲ್ಲೇನು? ನೀವು ಸೀಟಿ ಊದಕೋತ ನಮ್ಮನ್ನ ಓಡಸಾಕ ಬಂದ್ರ ಅಕ್ಕಾರು ಒಳಗ ಸೆರಗ ಮುಚಗೊಂಡ ಕುಂತಿರ್ತಿದ್ರು. ನಾ ಅದಕ್ಕ ಅಷ್ಟ ಜೋರಾಗಿ ಗಾಡಿ ಬಿಡತಿದ್ದೆ. ನಿಮ್ಮ ಅಂಜಿಕಿಗೆ ಅಂತ ನೀವು ತಿಳಕೊಂಡಿದ್ರಿ."

ಹಿಂದಿನ ಸೀಟಿನ ಯಾರೋ ಕೆಮ್ಮಿದಂತೆ ನಕ್ಕರು. ನಾನು ತಿರುಗಿ ಗಂಗವ್ವನನ್ನು ಕೇಳಿದೆ. "ನಿನಗ ಫ್ರೀ ಪಾಸ್ ಇತ್ತಲ್ಲ?"

"ಪಾಸ್ ಇತ್ರಿ, ಬಸ್ ಇರತಿರಲಿಲ್ಲ" ಎಂದಳು. "ಹುಡುಗೂರನ್ನ ಎಬ್ಬಿಸಿ, ರೊಟ್ಟಿ ಬಡದು, ಹಿಟ್ಟಿನ ಕೈ ತೊಳಕೊಂಡು ಬರೂದ್ರಾಗ ನಿಮ್ಮ ಬಸ್ ಹೋಗಿರತಿತ್ತು. ಒಂದೆರಡ ಸಲ ನೋಡಿದೆ. ಆಮ್ಯಾಲೆ ಬಿಟ್ಟೆ."

"ಹೇಳಿದ್ರ..."

"ಹೇಳಿದ್ರ ನಿಲ್ಲಸತಿದ್ರೇನು?"

ಸವದತ್ತಿಯ ರಸ್ತೆ ಉದ್ದವಾಗಿತ್ತು. ಬೆಳಿಗ್ಗೆ ಹಿತ್ತಲಲ್ಲಿ ನಿಂತು ಅವಳು ಮೆಲ್ಲಗೆ ಮಾತಾಡಿದ್ದು ಸುರೇಬಾನದವರೊಡನೆ ಅಲ್ಲ ಎಂಬುದು ಆಗ ನನಗೆ ತಿಳಿಯಿತು.

ಮುನವಳ್ಳಿ ದಾಟಿದ ಮೇಲೆ ಹೊಲದ ಬದುವಿನಿಂದ ಒಬ್ಬ ಮುದುಕಿ ಕೈ ಮಾಡಿದಳು. ಮೌಲಾಸಾಬ ನಿಲ್ಲಿಸಿದ. ಅವಳು ಹತ್ತಲಿಲ್ಲ. ಮೊದಲು ಜೊತೆಗಿದ್ದ ಆಡನ್ನು ಮರಕ್ಕೆ ಕಟ್ಟಬೇಕಿತ್ತು. ಕಟ್ಟಿದಳು, ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದಳು. ಇಡೀ ಗಾಡಿ ಕಾಯಿತು. ಒಬ್ಬರೂ ಗೊಣಗಲಿಲ್ಲ. ನನ್ನ ಬಲಗೈ ತಾನಾಗಿಯೇ ಅಂಗಿಯ ಕಿಸೆಯಲ್ಲಿ ಸೀಟಿ ಹುಡುಕಿತು. "ಸಾಹೇಬರ," ಎಂದ ಮೌಲಾಸಾಬ, ನನ್ನ ಮನಸ್ಸನ್ನು ಬೇರೆ ಕಡೆ ತಿರುಗಿಸಲಿಕ್ಕೆ ಇರಬೇಕು, "ನಿಮ್ಮ ಮನ್ಯಾಗ ಹಗುರ ಕಂಪ್ಯೂಟರ್ ಐತಂತಲ್ಲ. ಅಕ್ಕಾರು ಹೇಳಿದ್ರು. ಎಲ್ಲಾ ತಗದ ತಗದ ಭಾಳ ಹಗುರ ಮಾಡೀರಂತ."

"ಹೂಂ."

"ನಂದೂ ಗಾಡಿ ಷೋರೂಮಿನ್ಯಾಗ ಭಾಳ ಹಗುರ ಇತ್ರಿ. ಮಂದಿ ಹತ್ತಿದ ಮ್ಯಾಲೆ ಹಿಂಗಾತು" ಎಂದು ಮುದುಕಿಗೆ ಕೈ ಕೊಟ್ಟು ಹತ್ತಿಸಿಕೊಂಡ.

ಸವದತ್ತಿಯ ಸ್ಟ್ಯಾಂಡು, ಆಮೇಲೆ ರಾಮದುರ್ಗದ ಸ್ಟ್ಯಾಂಡು, ಎರಡನ್ನೂ ನಾನು ಹೊರಗಿನಿಂದ ಹಾದುಹೋದೆ. ಒಳಗೆ ಯಾರೋ ಮೈಕಿನಲ್ಲಿ ಸಾರುತ್ತಿದ್ದರು. ಒಂದು ಕಾಲಕ್ಕೆ ಈ ಸ್ಟ್ಯಾಂಡುಗಳ ಕಂಟ್ರೋಲರುಗಳು ಫೋನಿನ ಇನ್ನೊಂದು ತುದಿಯ ದನಿಗಳಾಗಿದ್ದರು. "ಬೈಲಹೊಂಗಲ ಗಾಡಿ ಬಿಟ್ಟೇನಿ" ಎನ್ನುತ್ತಿದ್ದರು, "ಬಂತು" ಎನ್ನುತ್ತಿದ್ದೆ. ಅವರಲ್ಲಿ ಹಲವರ ಮುಖವನ್ನು ನಾನು ನೋಡಲೇ ಇಲ್ಲ. ರಾಮದುರ್ಗದಲ್ಲಿ ಗಾಡಿಯ ಸರದಿ ಮುಗಿಯಬೇಕಿತ್ತು. ಎಲ್ಲರೂ ಇಳಿದರು. ನಾನೂ ಬುಟ್ಟಿಗೆ ಕೈ ಹಾಕಿದೆ. "ಕುಂದರ್ರಿ ಸಾಹೇಬರ. ಕುಬಸದ ಬುತ್ತಿ ಗಾಡಿ ಬದಲಿ ಮಾಡಿದ್ರ ಹೋಳಗಿ ಮುರೀತಾವು" ಎಂದು ಮೌಲಾಸಾಬ ಖಾಲಿ ಗಾಡಿಯನ್ನು ಸುರೇಬಾನದ ಕಡೆ ತಿರುಗಿಸಿದ.

ಮನೆಯ ಮುಂದೆ ಇಳಿದಾಗ ಹನ್ನೆರಡು ದಾಟಿತ್ತು. ಸ್ವಲ್ಪವೇ, ಆದರೆ ದಾಟಿತ್ತು. ಚಪ್ಪರದ ಕೆಳಗೆ ರೇಣುಕಾ ಹಸಿರು ಸೀರೆಯಲ್ಲಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಳು. ಗಂಗವ್ವನ ಕಾಲು ಹೊಸ್ತಿಲಲ್ಲಿ ತಡೆಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ದೊಡ್ಡವ್ವ, ಬೆನ್ನು ಪೂರ್ತಿ ಬಾಗಿದ ಹಿರಿಯಳು, ಕೋಲೂರಿಕೊಂಡು ಬಂದಳು. "ಬಾರವ್ವ ಗಂಗಾ. ತಡಾ ಆತು ಅಂತ ಇವರೆಲ್ಲಾ ಗುಣುಗುಣು ಹಚ್ಚ್ಯಾರ. ನಮ್ಮ ಮನ್ಯಾಗ ಸೋದರತ್ತಿ ಬಂದ ಮ್ಯಾಲೇನ ಹನ್ನೆರಡು ಆಗೂದು. ಬಾ, ಉಡಿ ತುಂಬು" ಎಂದಳು. ಗಂಗವ್ವ ಉಡಿ ತುಂಬಿದಳು. ರೇಣುಕಾ ಅತ್ತಳು, ಗಂಗವ್ವ ಅತ್ತಳು, ಅಲ್ಲಿದ್ದ ಹೆಂಗಸರೆಲ್ಲ ಕಣ್ಣು ಒರೆಸಿಕೊಂಡು ಆ ಕೂಡಲೇ ಹೋಳಿಗೆಯ ಕಡೆ ನೋಡಿದರು. ನನ್ನ ಭಾವಮೈದ ಮಾತ್ರ ದೂರದಿಂದಲೇ, "ಕಂಟ್ರೋಲರ್ ಸಾಹೇಬರು ಈಗ ಬಂದ್ರಂದ್ರ ಟೈಮ್ ಸರಿ ಇರಬೇಕ್ರಿ. ಗಡಿಯಾರ ಹಿಂದ ಹಚ್ಚೂಣು" ಎಂದು ಎಲ್ಲರ ಮುಂದೆ ನನ್ನ ಮರ್ಯಾದೆ ಕಾಪಾಡಿದ. ಮೌಲಾಸಾಬನನ್ನು ಒಳಗೆ ಕರೆದು ನನ್ನ ಬಗಲಲ್ಲೇ ಊಟಕ್ಕೆ ಕೂರಿಸಿದರು. ಅವನಿಗೆ ಎರಡು ಹೋಳಿಗೆ ಹೆಚ್ಚು ಬಿದ್ದವು. ನಾನು ಎಣಿಸಲಿಲ್ಲ, ಕಂಡಿತು.

ಮರಳಿ ಬಂದ ಮೇಲೆ ಸುನಂದಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಫೋನನ್ನು ಮುಚ್ಚಿಕೊಂಡು ನಕ್ಕಿರಬಹುದು. ಅವಳು ಒಂದೊಂದೇ ಸಾಲು ಹೇಳಿಕೊಟ್ಟಂತೆ ನಾನು ಬರೆದು, ಟೈಮ್ ಕೇಳಿ ಬರುವವನನ್ನು ಪೆಟ್ಟಿಗೆಯೊಳಗೆ ಮತ್ತೆ ಕೆಲಸಕ್ಕೆ ಕರೆದುಕೊಂಡೆ. ಇನ್ನೊಂದು ನಿಯಮವನ್ನೂ ಅವಳೇ ಸೇರಿಸಿದಳು. ಎದ್ದ ಮೇಲೆ ಪೆಟ್ಟಿಗೆ ಮೊದಲು ಯಾರನ್ನಾದರೂ ಟೈಮ್ ಕೇಳಬೇಕು, ಉತ್ತರ ಬರುವ ತನಕ ಒಂದು ಘೋಷಣೆಯನ್ನೂ ಮಾಡುವಂತಿಲ್ಲ. ಹಲಗೆಗೆ ಸೆಲ್ ಹಾಕಿದ ಪುಟ್ಟ ಗಡಿಯಾರ ಜೋಡಿಸಿಕೊಟ್ಟರೆ ಇದರ ತಾಪತ್ರಯವೇ ಇಲ್ಲ, ಮುಂದಿನ ಸಲ ಬರುವಾಗ ತರುತ್ತೇನೆ ಎಂದಳು. ಬೇಡ ಎಂದೆ. ಕೇಳುವುದನ್ನು ಅದೂ ಸ್ವಲ್ಪ ರೂಢಿ ಮಾಡಿಕೊಳ್ಳಲಿ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಬಂತು. ಪೆಟ್ಟಿಗೆ ಎದ್ದು ಕೂತಿತು. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣುಕುತ್ತಿತ್ತು. ಇಂಟರ್ನೆಟ್ ಇನ್ನೂ ಬಂದಿರಲಿಲ್ಲ, ಕೇಳಲು ಯಾರೂ ಸಿಕ್ಕಿಲ್ಲವೆಂದು ಅದು ಬಾಯಿ ಮುಚ್ಚಿಕೊಂಡಿತ್ತು. ಅದರ ಎದುರಿಗೆ ನಾನು, ಚಹಾದ ಹೊತ್ತಾಯಿತೋ ಇಲ್ಲವೋ ತಿಳಿಯದೆ, ಕೇಳಲು ಬಾಯಿ ಬಾರದೆ ಕೂತಿದ್ದೆ. ಅಡಿಗೆಮನೆಯಿಂದ ಗಂಗವ್ವ ನಮ್ಮಿಬ್ಬರನ್ನೂ ಒಮ್ಮೆ ಬಗ್ಗಿ ನೋಡಿದಳು.

"ನಾಕ ಆಗೈತ್ರಿ" ಎಂದಳು. "ಚಾ ಇಡ್ಲೇನು?"

ಪೆಟ್ಟಿಗೆಗೆ ಕಿವಿಯಿಲ್ಲ. ಆದ್ದರಿಂದ ಇಬ್ಬರ ಪರವಾಗಿ ನಾನೇ ಹೂಂ ಎಂದೆ.